ಮನೆಯ ವೈಫೈ ಮತ್ತು ಅಲೆಗಳ ಸ್ವಭಾವ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಅನೇಕ ಮನೆಗಳಲ್ಲಿ ಇಂದು ವೈಫೈ ಇದೆ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಂದಿನಿಂದ ಅದು ವಿದ್ಯಾರ್ಥಿಗಳ ಪಾಠಸಾಧನವೂ ಆಗಿದೆ. ಆದರೆ ಪಾಠವು ನಡುವೆ ಕಡಿದಾಗ ಪಾಲಕರು ದುಬಾರಿ ಪ್ಲ್ಯಾನನ್ನು ಕೊಳ್ಳುವರೇ ಹೊರತು ಅಲೆಯ ಸ್ವಭಾವವನ್ನು ವಿಚಾರಿಸುವುದಿಲ್ಲ. ಇದು ಹಣಕ್ಕೂ ವಿದ್ಯೆಗೂ ನಷ್ಟ.

ಈ ಮನೆಗಳ ವೈಫೈಗೆ ಮುಖ್ಯವಾಗಿ ಎರಡು ತರಂಗಪಟ್ಟಿಗಳುಂಟು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. 5 ಗಿಗಾಹರ್ಟ್ಸಿನದು ಸುಮಾರು 6. ಮೊದಲನೆಯದು ಗೋಡೆಯನ್ನು ದಾಟಿ ದೂರ ಸಾಗುತ್ತದೆ. ಆದರೆ ನೆರೆಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆಗಳೂ ಅದೇ ಪಟ್ಟಿಯಲ್ಲಿರುವುದರಿಂದ ಅಡಚಣೆಯುಂಟಾಗಿ ವೇಗ ಕುಂದುತ್ತದೆ. ಎರಡನೆಯದು ವೇಗಶಾಲಿ, ಆದರೆ ಹಳೆಯ ವಾಡೆಗಳ ಕಲ್ಲುಮಣ್ಣಿನ ದಪ್ಪಗೋಡೆಗೆ ಬೇಗ ಸೋಲುತ್ತದೆ.

ಆದುದರಿಂದ ರೌಟರನ್ನು ಪಡಸಾಲೆಯ ಕಪಾಟಿನಲ್ಲಿ ಅಡಗಿಸದೆ ಮನೆಯ ನಡುವೆ, ಎತ್ತರದಲ್ಲಿ ಇಡಬೇಕು. ಅದೇ ಕೋಣೆಯಲ್ಲಿ ಓದುವವನಿಗೆ 5, ಗೋಡೆಯಾಚೆಯವನಿಗೆ 2.4 ಯೋಗ್ಯ. ಫೋನಿನಲ್ಲಿ ಕಾಣುವ ಪೂರ್ಣ ಗೆರೆಗಳು ರೌಟರಿನಿಂದ ಬರುವ ಅಲೆಯ ಬಲವನ್ನಷ್ಟೇ ಸೂಚಿಸುತ್ತವೆ, ಇಂಟರ್ನೆಟ್ಟಿನ ವೇಗವನ್ನಲ್ಲ. ರೌಟರಿನ ಬಳಿಯಲ್ಲಿಯೂ ಪಾಠ ತಡೆದರೆ ದೋಷವು ಬಹುಮಟ್ಟಿಗೆ ಹೊರಗಿನ ಸಂಪರ್ಕದ್ದು. ದೂರದಲ್ಲಿ ಮಾತ್ರ ತಡೆದರೆ ಗೋಡೆಯದು.

ವಿಜ್ಞಾನದ ಅಧ್ಯಾಪಕರು ತರಂಗಗಳ ಪಾಠವನ್ನು ಈ ಉದಾಹರಣೆಯಿಂದಲೇ ಬೋಧಿಸುವುದು ಉಚಿತ. ಶಾಲೆಗೆ ಯಂತ್ರವನ್ನು ನೀಡುವ ದಾನಿಗಳೂ ಅದನ್ನು ಇರಿಸುವ ಸ್ಥಳವನ್ನು ಮೊದಲು ವಿಚಾರಿಸಲಿ.