ಗೇಟಿಗೆ ಸಾವಿರಾರು, ಕುಲುಮೆಗೆ ಚಿಲ್ಲರೆ

ಯುರೋಪಿನ ಜೆಕ್ ದೇಶದಲ್ಲಿ ಹೆಲ್ಫ್‌ಶ್ಟೀನ್ ಎಂಬ ಹಳೇ ಕೋಟೆಯಿದೆ. ಆಗಸ್ಟ್ ಕೊನೆ ಬಂತೆಂದರೆ ಅಲ್ಲಿ ಕಮ್ಮಾರರ ಜಾತ್ರೆ. 1982ರಲ್ಲಿ ಶುರುವಾದದ್ದು. ಹೆಸರು ಹೆಫೈಸ್ಟಾನ್, ಗ್ರೀಕರ ಕಮ್ಮಾರ ದೇವರದ್ದೇ ಹೆಸರು. ನಾನಾ ದೇಶಗಳ ನೂರಾರು ಕಮ್ಮಾರರು ಬಂದು, ಜನರೆದುರೇ ಕುಲುಮೆ ಹೊತ್ತಿಸಿ, ಕೆಂಪಗೆ ಕಾದ ಕಬ್ಬಿಣವನ್ನು ಅಡೆಗಲ್ಲಿನ ಮೇಲೆ ಬಡಿದು ಎಲೆ, ಬಳ್ಳಿ, ಬೊಂಬೆ ಮಾಡುತ್ತಾರೆ. ಕೋಟೆಯಲ್ಲೇ ಇಂಥ ಕಲಾಕೃತಿಗಳ ದೊಡ್ಡ ಸಂಗ್ರಹವೂ ಇದೆ.

ಇಂಥ ಕೆಲಸದ ವಿಡಿಯೋ ನಮ್ಮ ಫೋನಿಗೂ ಬರುತ್ತೆ. 'ಸೂಪರ್' ಅಂತ ಫಾರ್ವರ್ಡ್ ಮಾಡ್ತೇವೆ. ಆಮೇಲೆ ಕುಡುಗೋಲು ತಟ್ಟಿಸಲು ಹೋಗಿ 10 ರೂಪಾಯಿಗೆ ಚೌಕಾಸಿ!

ಹೊಸ ಮನೆಗೆ ಮಾತ್ರ 'ರಾಟ್ ಐರನ್' ಗೇಟೇ ಬೇಕು. ಪೇಟೆಯಲ್ಲಿ ಆ ಹೆಸರಲ್ಲಿ ಮಾರುವುದು ಬಹುಪಾಲು ಮೈಲ್ಡ್ ಸ್ಟೀಲ್. ಮಷೀನಿನಲ್ಲಿ ಬಗ್ಗಿಸಿದ ಸುರುಳಿ, ಅಚ್ಚಿನ ಎಲೆ ತಂದು ವೆಲ್ಡ್ ಮಾಡಿ ಬಂಗಾರದ ಬಣ್ಣ ಹೊಡೆದದ್ದು. ಅದಕ್ಕೆ ಕುಲುಮೆಯ ಬಿಸಿಯೇ ತಾಗಿಲ್ಲ. (ವೆಲ್ಡಿಂಗ್ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರದೂ ಹೊಟ್ಟೆಪಾಡು.)

2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರರೂ ಇದ್ದಾರೆ. ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ. ಸರಿ ಸ್ವಾಮಿ, ಸುತ್ತಿಗೆ ಬಂತು. ಕೆಲಸ ಕೊಡೋರು ಯಾರು? ಶಾಲೆ ಗೇಟು, ಪಂಚಾಯಿತಿ ಕಿಟಕಿಯ ಸರಳು, ಬಸ್ ಸ್ಟ್ಯಾಂಡಿನ ಬೆಂಚು, ಇದರಲ್ಲಿ ಒಂದನ್ನಾದರೂ ಊರ ಕುಲುಮೆಗೆ ಯಾಕೆ ಕೊಡಬಾರದು? ಉತ್ಸವದಲ್ಲಿ ಕಮ್ಮಾರನಿಗೆ ಶಾಲು ಹೊದಿಸಿ ಕೂರಿಸಬೇಡಿ. ಇದ್ದಿಲು ಕೊಡಿ, ದಿನಗೂಲಿ ಕೊಡಿ, ಮಾಡಿದ್ದನ್ನು ತಾಲ್ಲೂಕು ಕಚೇರಿ ಮುಂದೆ ನಿಲ್ಲಿಸಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎದ್ದು ನಿಂತು ಕೇಳಿ. ಶಾಲೆ ಗೇಟಿಗೆ ಎಷ್ಟು ಬಿಲ್ ಆಯಿತು, ದುಡ್ಡು ಯಾವ ಊರಿಗೆ ಹೋಯಿತು ಅಂತಲೂ ಕೇಳಿ.