ಚೇಳು ಕಡಿದ ರಾತ್ರಿ ಒಬ್ಬನೇ ಡಾಕ್ಟರು

ನಮ್ಮ ಲಕ್ಷ್ಮೀ ನಗರದಲ್ಲಿ ಸಿಎ ಕೋಚಿಂಗ್ ಬೋರ್ಡುಗಳ ಸಂದಿಯಲ್ಲಿ ಆಕಾಶ ಕಾಣುವುದೇ ಕಷ್ಟ. ಇಲ್ಲಿ ಕುಳಿತು ಹಳ್ಳಿ ಡಾಕ್ಟರುಗಳ ಬಗ್ಗೆ ಬರೆಯಲು ಈ ಬಿ.ಕಾಂ ಓದಿದ ಬ್ಯಾಂಕಿನವನಿಗೇನು ಅಧಿಕಾರ ಅಂತ ನೀವು ಕೇಳಬಹುದು. ಕಾರಣ, ನನ್ನ ಅಕ್ಕನ ಮಗ.

ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿ ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷದ ಹಳ್ಳಿ ಸೇವೆ ಕಡ್ಡಾಯ ಮಾಡಿತಲ್ಲ, ಇವನೂ ಹಾಗೇ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ. ಮೊದಲ ತಿಂಗಳಲ್ಲೇ ಒಂದು ರಾತ್ರಿ ಚೇಳು ಕಡಿದ ಮಗುವನ್ನು ತಂದರು. ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ. ಅಲ್ಲಿದ್ದದ್ದು ಇವನು ಮತ್ತು ಒಬ್ಬ ನರ್ಸಮ್ಮ. ಕಾಲೇಜಿನ ಸೀನಿಯರ್ ಒಬ್ಬನಿಗೆ ಫೋನ್ ಮಾಡಿದ. ಅವನು ಪ್ರಾಜೋಸಿನ್ ಮಾತ್ರೆ ಅಂದ, ಪ್ರಮಾಣ ಹೇಳಿದ. ಪುಣ್ಯಕ್ಕೆ ಸ್ಟಾಕ್ ಇತ್ತು, ಮಗು ಉಳಿಯಿತು. ರಾತ್ರಿ ಎರಡು ಗಂಟೆಗೆ ನನಗೆ ಫೋನ್ ಮಾಡಿ ಅವನು ಕೇಳಿದ್ದು ಒಂದೇ ಪ್ರಶ್ನೆ: "ಮಾಮಾ, ಆತ ಫೋನ್ ಎತ್ತದೇ ಇದ್ದಿದ್ದರೆ?"

ಅಂದ ಹಾಗೆ, ಚೇಳಿನ ವಿಷಕ್ಕೆ ಪ್ರಾಜೋಸಿನ್ ಕೊಡಬಹುದು ಅಂತ ತೋರಿಸಿದ್ದು ಯಾವ ದೊಡ್ಡ ಆಸ್ಪತ್ರೆಯೂ ಅಲ್ಲ. ಕೊಂಕಣದ ಮಹಾಡ್ ಎಂಬ ಪುಟ್ಟ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್. 1980ರ ದಶಕದಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದವರು, 2022ರಲ್ಲಿ ಪದ್ಮಶ್ರೀ ಬಂತು. ಅಂದರೆ ಹಳ್ಳಿಯಲ್ಲಿ ಕಲಿಯುವುದಕ್ಕೆ ಬೇಕಾದಷ್ಟಿದೆ. ಕಲಿಸುವವರು ಜೊತೆಗಿರಬೇಕು, ಅಷ್ಟೆ.

ನನಗೆ ನೆನಪಾಗುವುದು ರೋಣ ತಾಲ್ಲೂಕಿನ ನನ್ನ ಮೊದಲ ಶಾಖೆ. ಬೆಳೆಸಾಲದ ಫೈಲು ನೋಡುವುದನ್ನು ಕಲಿಸಿದ್ದು ಮ್ಯಾನೇಜರಲ್ಲ, ನನಗಿಂತ ಎರಡು ವರ್ಷ ಮೊದಲು ಸೇರಿದ್ದವನು. ಮ್ಯಾನೇಜರನ್ನು ಕೇಳಲು ಹೆದರಿಕೆ, ಇವನನ್ನು ಕೇಳಲು ಎಂಥ ಹೆದರಿಕೆ? ನನಗೆ ಹೇಳಿಕೊಡುತ್ತಾ ಅವನಿಗೂ ತನಗೆ ಅರ್ಧ ಗೊತ್ತಿಲ್ಲ ಎಂಬುದು ಗೊತ್ತಾಗುತ್ತಿತ್ತು. ಆಗ ಇಬ್ಬರೂ ಸೇರಿ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗುತ್ತಿದ್ದೆವು!

ಡಾಕ್ಟರುಗಳಿಗೂ ಹೀಗೇ ಆಗಬೇಕು ಅಂತ ನನ್ನ ವಾದ. ಒಂದೇ ಹಳ್ಳಿ ಆಸ್ಪತ್ರೆಯಲ್ಲಿ ಒಬ್ಬ ವಿದ್ಯಾರ್ಥಿ, ಒಬ್ಬ ಇಂಟರ್ನ್, ಒಬ್ಬ ಪಿಜಿ, ಮೇಲೊಬ್ಬ ಪಳಗಿದ ಡಾಕ್ಟರು. ಇದೇನು ಕನಸಲ್ಲ. ನಮ್ಮ ಮನೆಯಿಂದ ಬ್ಲೂ ಲೈನ್ ಹತ್ತಿ, ಮಂಡಿ ಹೌಸ್‌ನಲ್ಲಿ ಬದಲಿಸಿ ವಯೊಲೆಟ್ ಲೈನಿನ ಕೊನೆಗೆ ಹೋದರೆ ಬಲ್ಲಬ್‌ಗಢ. ಏಮ್ಸ್ ಅಲ್ಲಿ 1960ರ ದಶಕದಿಂದ ಗ್ರಾಮೀಣ ಆರೋಗ್ಯ ಯೋಜನೆ ನಡೆಸುತ್ತಿದೆ. ದಯಾಲ್‌ಪುರ, ಛಾಯಂಸಾ ಎಂಬ ಎರಡು ಪ್ರಾಥಮಿಕ ಕೇಂದ್ರ, 28 ಹಳ್ಳಿ. ವಿದ್ಯಾರ್ಥಿಗಳು, ಇಂಟರ್ನ್‌ಗಳು, ಸಮುದಾಯ ವೈದ್ಯಕೀಯದ ಎಂಡಿ ಓದುವವರು ಎಲ್ಲರೂ ಅಲ್ಲಿ ಕಲಿಯುತ್ತಾರೆ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯವಂತೂ 1997ರಿಂದ ಕೆಲವು ವಿದ್ಯಾರ್ಥಿಗಳನ್ನು ಇಡೀ ಒಂದು ವರ್ಷ ಹಳ್ಳಿಗಾಡಿನ ಸಾಮಾನ್ಯ ವೈದ್ಯರ ಬಳಿ ಬಿಟ್ಟಿತು.

ನಮ್ಮಲ್ಲಿ 2020ರಲ್ಲಿ ಹೊಸ ನಿಯಮ ಬಂತು. ಎಂಡಿ, ಎಂಎಸ್ ಓದುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಒಳ್ಳೆಯದೇ. ಆದರೆ ಪಿಜಿ ಜಿಲ್ಲಾ ಆಸ್ಪತ್ರೆಯಲ್ಲಿ, ನಮ್ಮ ಹುಡುಗ ಇನ್ನೆಲ್ಲೋ ಹಳ್ಳಿಯಲ್ಲಿ. ಇಬ್ಬರೂ ಒಂದೇ ತಾಲ್ಲೂಕು ಆಸ್ಪತ್ರೆಯಲ್ಲಿದ್ದು, ಅಲ್ಲಿಂದ ಸುತ್ತಲ ಕೇಂದ್ರಗಳಿಗೆ ಸರದಿಯ ಮೇಲೆ ಹೋಗಿಬಂದರೆ ಆಗದೇ?

ತೊಡಕಿಲ್ಲ ಅಂತಲ್ಲ. ಹೆಂಗಸೊಬ್ಬಳು ಸಂಕೋಚದ ಕಾಯಿಲೆ ಹೇಳಿಕೊಳ್ಳಲು ಬಂದಾಗ ಎದುರಿಗೆ ನಾಲ್ಕು ಬಿಳಿ ಕೋಟು ಕಂಡರೆ ಬಾಯಿ ಬಿಟ್ಟಾಳೆಯೇ? ಅವಳನ್ನು ಮೊದಲು ಕೇಳಬೇಕು, ಬೇಡವೆಂದರೆ ಹುಡುಗರು ಹೊರಗೆ ನಿಲ್ಲಬೇಕು. ಇನ್ನು ಕಲಿಸುತ್ತಾ ಕುಳಿತರೆ ಹೊರಗಿನ ಸಾಲು ಬೆಳೆಯುತ್ತದೆ. ಹಾಗಾಗಿ ಕಲಿಸುವ ಡಾಕ್ಟರಿಗೆ ಅದಕ್ಕೆಂದೇ ಸಮಯ, ಸಂಬಳ ಎರಡೂ ಬೇಕು. ಇರಲು ಮನೆಯೂ ಬೇಕು. ಬ್ಯಾಂಕಿನವರಿಗೆ ಗ್ರಾಮೀಣ ಪೋಸ್ಟಿಂಗ್ ಅಂದರೆ ಏನು ಅಂತ ಗೊತ್ತು. ನಾನೇ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ವಾರದ ಬಸ್ಸು ಕಾಯ್ದವನು, ಬೇರೆಯವರಿಗೆ ತ್ಯಾಗದ ಪಾಠ ಹೇಳಲಾರೆ.

ಅಳಿಯನ ಸೇವೆಯ ವರ್ಷ ಮುಗಿಯಿತು, ಈಗ ಪಿಜಿ ಪರೀಕ್ಷೆಗೆ ಓದುತ್ತಿದ್ದಾನೆ. ಯಾವ ವಿಷಯ ತಗೋತೀಯಪ್ಪಾ ಅಂತ ಮೊನ್ನೆ ಕೇಳಿದೆ. "ರೇಡಿಯಾಲಜಿ ಮಾಮಾ, ರಾತ್ರಿ ಒಬ್ಬನೇ ಇರೋ ಕೆಲಸ ಬೇಡ" ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ, ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟೆ.