ಗುಳಿಗೆಯ ಹೆಸರು ಗೊತ್ತಿರಲಿ

ರಾತ್ರಿ ಊಟ ಆದ ಮೇಲೆ ಮನೆಯ ಹಿರಿಯರಿಗೆ ಕೊಲೆಸ್ಟ್ರಾಲ್ ಗುಳಿಗೆ ಕೊಡುತ್ತೀರಲ್ಲ, ಅದರ ಹೆಸರೇನು? ಡಬ್ಬಿ ನೋಡದೆ ಥಟ್ಟನೆ ಹೇಳಿ ನೋಡೋಣ. ಆಗಲಿಲ್ಲವೇ? ಬೇಜಾರು ಮಾಡಿಕೊಳ್ಳಬೇಡಿ. ಬಿ.ಎ. ಓದಿದ ನನಗೂ ಹೋದ ವರ್ಷದವರೆಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ಬರೀ 'ರಾತ್ರಿ ಗುಳಿಗಿ'. ಬಿಪಿಯದು 'ಸಣ್ಣ ಗುಳಿಗಿ', ಸಕ್ಕರೆ ಕಾಯಿಲೆಯದು 'ಉದ್ದನ ಗುಳಿಗಿ'. ಬಣ್ಣ, ಗಾತ್ರ ನೋಡಿ ಎಣಿಸಿ ಅಂಗೈಗೆ ಹಾಕಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ನಮ್ಮ ಅತ್ತೆಗೆ ಹುಬ್ಬಳ್ಳಿಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಬರುವಾಗ ರಾತ್ರಿಗೆ ಒಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಕೆಲವು ತಿಂಗಳ ನಂತರ ಬಿಪಿ ತೋರಿಸಲು ಕೊಪ್ಪಳದಲ್ಲೇ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಹಳೆಯ ಫೈಲು ಒಯ್ದಿರಲಿಲ್ಲ. "ಏನೇನು ಗುಳಿಗಿ ನಡದಾವು?" ಎಂದು ಅವರು ಕೇಳಿದಾಗ "ಬಿಪೀದು, ಸಕ್ರೀದು, ಇನ್ನೊಂದು ರಾತ್ರೀದು" ಅಂದೆ. ಅವರು ರಕ್ತ ತಪಾಸಣೆ ಮಾಡಿಸಿ ಕೊಲೆಸ್ಟ್ರಾಲ್‌ಗೆ ಒಂದು ಗುಳಿಗೆ ಬರೆದರು. ನಾನು ಎರಡನ್ನೂ ಕೊಡತೊಡಗಿದೆ.

ಎರಡು ತಿಂಗಳಾಗಿರಬೇಕು. ಅತ್ತೆ ಗೋಡೆ ಹಿಡಿದು ಏಳುವುದು, ತೊಡೆ ಒತ್ತಿಕೊಳ್ಳುವುದು ಶುರುವಾಯಿತು. ವಯಸ್ಸಾಯಿತು ಅಂತ ಎಣ್ಣೆ ಕಾಸಿ ತಿಕ್ಕಿದೆ. ಒಂದು ರಾತ್ರಿ "ಅತ್ತೀ, ಗುಳಿಗಿ ತಗೊಂಡ್ರೇನ್ರಿ?" ಅಂತ ಕೇಳಿದರೆ, "ಬಿಟ್ಟೀನವಾ. ಎಂಟು ದಿನಾತು. ಕುಂತ್ರ ಏಳಾಕ ಆಗವಲ್ದು, ಆ ರಾತ್ರಿ ಗುಳಿಗೀನ ಬ್ಯಾಡ" ಅಂದುಬಿಟ್ಟರು.

ಮರುದಿನ ಎಲ್ಲ ಪಟ್ಟಿಗಳನ್ನು ಕಿಟಕಿ ಬೆಳಕಿಗೆ ಹಿಡಿದು ಓದಿದೆ. ಎದೆ ಧಸಕ್ಕೆಂದಿತು. ಹುಬ್ಬಳ್ಳಿಯ ಕ್ಯಾಪ್ಸೂಲಿನಲ್ಲಿ ಇದ್ದದ್ದು ಎರಡು ಔಷಧ. ಒಂದು ಅಟೊರ್ವಾಸ್ಟಾಟಿನ್, 20 ಮಿಲಿಗ್ರಾಂ. ಇನ್ನೊಂದು ಆಸ್ಪಿರಿನ್. ಕೊಪ್ಪಳದ ಗುಳಿಗೆಯೂ ಅಟೊರ್ವಾಸ್ಟಾಟಿನ್ನೇ, 40 ಮಿಲಿಗ್ರಾಂ! ಒಂದೇ ಔಷಧವನ್ನು ನಾನೇ ಕೈಯಾರೆ ಎರಡು ಹೆಸರಲ್ಲಿ ದಿನಾ ಕೊಟ್ಟಿದ್ದೆ. ಸಾಲದ್ದಕ್ಕೆ, ನೋವು ತಾಳದೆ ಅತ್ತೆ ಎಲ್ಲವನ್ನೂ ಬಿಟ್ಟಾಗ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತಿದ್ದ ಆಸ್ಪಿರಿನ್ ಕೂಡ ನಿಂತುಹೋಗಿತ್ತು. ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಾವಾಗಿ ಬಿಟ್ಟರೆ ಹೃದಯಾಘಾತವೇ ಆಗಬಹುದು. ಅಂದೇ ಫೈಲು, ಪಟ್ಟಿ ಎಲ್ಲ ಹೊತ್ತು ಡಾಕ್ಟರ ಬಳಿ ಓಡಿದೆವು. ಅವರು ರಕ್ತ ತಪಾಸಣೆ ಮಾಡಿಸಿ, ಕ್ಯಾಪ್ಸೂಲನ್ನು ಮತ್ತೆ ಶುರು ಮಾಡಿಸಿ, ಇನ್ನೊಂದನ್ನು ತೆಗೆದರು. ಕೆಲವೇ ವಾರಗಳಲ್ಲಿ ನೋವು ಇಳಿಯಿತು. ದೇವರು ದೊಡ್ಡವನು.

ತಪ್ಪು ಯಾರದು? ಡಾಕ್ಟರದ್ದಲ್ಲ, ಅತ್ತೆಯದಂತೂ ಅಲ್ಲ. ಹೆಸರು ಗೊತ್ತಿಲ್ಲದೆ ಗುಳಿಗೆ ಕೊಟ್ಟ ನನ್ನದು.

ಊರಿಗೊಂದು ದಾರಿ, ದಾರಿಗೊಂದು ಚೀಟಿ

ನಮ್ಮ ಜಿಲ್ಲೆಯಲ್ಲಿ ಈ ಗೊಂದಲ ಆಗಲಿಕ್ಕೆ ಕಾರಣವೂ ಇದೆ. ಹೃದಯದ ತೊಂದರೆ ಅಂದ ಕೂಡಲೇ ಕುಷ್ಟಗಿಯವರು ಇಳಕಲ್, ಬಾಗಲಕೋಟೆ ಕಡೆ ಬಸ್ ಹತ್ತುತ್ತಾರೆ. ಗಂಗಾವತಿಯವರು ಬಳ್ಳಾರಿಗೋ ರಾಯಚೂರಿಗೋ ಹೋಗುತ್ತಾರೆ. ಯಲಬುರ್ಗಾದವರಿಗೆ ಗದಗ, ಹುಬ್ಬಳ್ಳಿ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದ್ದರೂ ದೊಡ್ಡ ಡಾಕ್ಟರು ಒಂದೂರು, ಜ್ವರಕ್ಕೆ ಇನ್ನೊಂದೂರು ಅನ್ನುವ ರೂಢಿ ತಪ್ಪಿಲ್ಲ. ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಆ ಎಲ್ಲ ಚೀಟಿಗಳು ಕೊನೆಗೆ ಬಂದು ಸೇರುವುದು ನಮ್ಮ ಅಡುಗೆಮನೆಯ ಶೆಲ್ಫಿಗೆ. ಹಾಗಾಗಿ ಮನೆಯ ಗುಳಿಗೆಗಳನ್ನೆಲ್ಲ ಒಟ್ಟಿಗೆ ನೋಡುವವಳು ನೀವೊಬ್ಬಳೇ!

ಗಂಗಾವತಿಯ ಹೆಣ್ಣುಮಗಳಿಗೆ ಅಕ್ಕಿ ತೋರಿಸಿ, ಸೋನಾ ಮಸೂರಿಯೋ ಅಲ್ಲವೋ ಅಂತ ಎರಡು ಕಾಳು ಹಲ್ಲಿಗಿಟ್ಟು ಹೇಳುತ್ತಾಳೆ. ಕುಷ್ಟಗಿಯವಳು ಇಳಕಲ್ ಸೀರೆಯ ದಡಿ ನೋಡಿಯೇ ಅದರ ಹೆಸರು ಹೇಳುತ್ತಾಳೆ. ಇಷ್ಟು ಜಾಣೆಯರಾದ ನಮಗೆ ದಿನಾ ಹೊಟ್ಟೆಗೆ ಹೋಗುವ ಗುಳಿಗೆಯ ಹೆಸರು ಯಾಕೆ ಬೇಡ?

ಅಡ್ಡಹೆಸರು ನೋಡಿ

ಗುರುತಿಸುವುದು ಬಲು ಸುಲಭ. ನಮ್ಮ ಕಡೆ ಅಡ್ಡಹೆಸರು ಕೇಳಿ ಮನೆತನ ಹೇಳುತ್ತೇವಲ್ಲ, ಹಾಗೆಯೇ. ಕೊಲೆಸ್ಟ್ರಾಲ್ ಗುಳಿಗೆಗಳಲ್ಲಿ ಹೆಚ್ಚಿನವುಗಳ ಹೆಸರು 'ಸ್ಟಾಟಿನ್' ಅಂತ ಮುಗಿಯುತ್ತದೆ: ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್, ಸಿಮ್ವಾಸ್ಟಾಟಿನ್. ಕಂಪನಿ ಇಟ್ಟ ಹೆಸರು ಹತ್ತಾರು ಇರಬಹುದು. ಅಂಗಡಿಯವನು ಈ ತಿಂಗಳು ಒಂದು ಕಂಪನಿಯದು, ಮುಂದಿನ ತಿಂಗಳು ಇನ್ನೊಂದರದು ಕೊಟ್ಟರೆ ಬಣ್ಣವೂ ಬದಲಾಗುತ್ತದೆ. ಬದಲಾಗದೇ ಇರುವುದು ಔಷಧದ ಮೂಲ ಹೆಸರು. 2018ರಲ್ಲಿ ಬಂದ ಸರ್ಕಾರದ ನಿಯಮದ ಪ್ರಕಾರ ಒಂದೇ ಔಷಧವಿರುವ ಗುಳಿಗೆಯ ಪಟ್ಟಿಯಲ್ಲಿ ಕಂಪನಿ ಹೆಸರಿಗಿಂತ ಮೂಲ ಹೆಸರನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಇಂಗ್ಲಿಷ್ ಓದಲು ಬರದಿದ್ದರೆ ಮಕ್ಕಳಿಂದ ಓದಿಸಿ, ಇಲ್ಲವೇ ಅಂಗಡಿಯಲ್ಲೇ ಪಟ್ಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಸಂಕೋಚ ಯಾಕೆ?

ಈ ಮನೆತನದ ಮೊದಲ ಔಷಧವನ್ನು 1973ರಲ್ಲಿ ಕಂಡುಹಿಡಿದವರು ಜಪಾನಿನ ಅಕಿರಾ ಎಂಡೊ, ಅದೂ ಅಕ್ಕಿಯ ಮೇಲೆ ಬೆಳೆದ ಬೂಸ್ಟಿನಿಂದ! ನಮ್ಮ ದೇಹದ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನದು ಊಟದಿಂದ ಬರುವುದಲ್ಲ, ಲಿವರ್ ಮತ್ತು ದೇಹದ ಇತರ ಭಾಗಗಳೇ ತಯಾರಿಸುವಂಥದ್ದು. ಸ್ಟಾಟಿನ್ ಗುಳಿಗೆ ಲಿವರಿನ ಆ ಕೆಲಸಕ್ಕೆ ಕಡಿವಾಣ ಹಾಕುತ್ತದೆ. ಅದಕ್ಕೇ ಬರೀ ಮಿರ್ಚಿ ಬಿಟ್ಟು ಅಗಸಿ ಹಿಂಡಿ ತಿಂದರೆ ಸಾಕು ಅನ್ನುವ ಮಾತು ಪೂರ್ತಿ ಸರಿಯಲ್ಲ. ಪಥ್ಯ ಬೇಕು, ನಡಿಗೆ ಬೇಕು, ಗುಳಿಗೆಯೂ ಬೇಕು.

"ರಿಪೋರ್ಟ್ ನಾರ್ಮಲ್ ಬಂತು, ಇನ್ನ ಯಾಕ?" ಅಂತ ಬಿಡುವವರು ಬಹಳ. ನಾರ್ಮಲ್ ಆದದ್ದು ಗುಳಿಗೆಯಿಂದಲೇ ಅಲ್ಲವೇ? ಬಿಟ್ಟ ಕೆಲವೇ ವಾರಗಳಲ್ಲಿ ಅದು ಮತ್ತೆ ಏರುತ್ತದೆ. ಹೊರಗೆ ನೋವಿಲ್ಲ, ಜ್ವರವಿಲ್ಲ, ಹಾಗಾಗಿ ಏರಿದ್ದು ಗೊತ್ತೇ ಆಗುವುದಿಲ್ಲ.

ಒಂದಕ್ಕೊಂದು ಆಗದ ಗುಳಿಗೆಗಳು

ಹೆಸರು ಗೊತ್ತಿದ್ದರೆ ಇನ್ನೊಂದು ದೊಡ್ಡ ಅಪಾಯ ತಪ್ಪುತ್ತದೆ. ಬೇಸಿಗೆಯ ಬೆವರು, ಗದ್ದೆಯ ನೀರು ಅಂತ ನಮ್ಮಲ್ಲಿ ಹುಳಕಡ್ಡಿ, ಗಜಕರ್ಣ ಸಾಮಾನ್ಯ. ಅದಕ್ಕೆ ಕೊಡುವ ಇಟ್ರಾಕೊನಜೋಲ್ ಮಾತ್ರೆಯನ್ನು ಸಿಮ್ವಾಸ್ಟಾಟಿನ್ ಜೊತೆ ನುಂಗಲೇಬಾರದು. ಅಟೊರ್ವಾಸ್ಟಾಟಿನ್ ಜೊತೆಗೂ ಡಾಕ್ಟರು ಪ್ರಮಾಣ ನೋಡಿ ಹೇಳದ ಹೊರತು ಬೇಡ. ಕೆಮ್ಮು, ಗಂಟಲು ನೋವಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಕೂಡ ಹೀಗೆಯೇ. ಇವು ಸ್ಟಾಟಿನ್ ಕರಗಿ ಹೋಗದಂತೆ ತಡೆದು ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿಸುತ್ತವೆ, ಆಗ ಸ್ನಾಯುಗಳಿಗೆ ಪೆಟ್ಟು. 2001ರಲ್ಲಿ ಸೆರಿವಾಸ್ಟಾಟಿನ್ ಎಂಬ ಗುಳಿಗೆಯನ್ನು ಜಗತ್ತಿನ ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡರು. ಸ್ನಾಯು ಕರಗಿ ಸತ್ತವರಲ್ಲಿ ಹಲವರು ಅದರ ಜೊತೆಗೆ ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಕೊಬ್ಬಿನ ಗುಳಿಗೆಯನ್ನೂ ನುಂಗುತ್ತಿದ್ದವರು. "ಅಂಗಡ್ಯಾಗ ಕೇಳಿ ತಂದೀನಿ" ಅನ್ನುವ ಮೊದಲು ಇದು ನೆನಪಿರಲಿ.

ಹಾಗಂತ ಎಲ್ಲ ನೋವಿಗೂ ಗುಳಿಗೆಯನ್ನೇ ದೂರಬೇಡಿ. ಲಂಡನ್ನಿನ ಒಂದು ಅಧ್ಯಯನದಲ್ಲಿ, ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ನಿಜ ಗುಳಿಗೆ, ಕೆಲವು ತಿಂಗಳು ಔಷಧವೇ ಇಲ್ಲದ ಖಾಲಿ ಗುಳಿಗೆ ಕೊಟ್ಟರು. 2020ರಲ್ಲಿ ಫಲಿತಾಂಶ ಬಂದಾಗ, ನಿಜ ಗುಳಿಗೆಯಲ್ಲಿ ಕಂಡ ತೊಂದರೆಯ ಶೇಕಡ 90ರಷ್ಟು ಖಾಲಿ ಗುಳಿಗೆಯಲ್ಲೂ ಕಂಡಿತ್ತು! ಅಂದರೆ ನೋವು ಸುಳ್ಳಲ್ಲ, ಅದರ ಕಾರಣ ಬೇರೆ ಇರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಥೈರಾಯ್ಡ್ ಕಡಿಮೆಯಾಗಿದ್ದರೂ ಹೀಗೆ ಸ್ನಾಯು ಹಿಡಿಯುತ್ತದೆ. ಯಾವುದು ಹೌದು, ಯಾವುದು ಅಲ್ಲ ಅಂತ ತೀರ್ಮಾನಿಸಬೇಕಾದವರು ಡಾಕ್ಟರು. ನಾವೂ ಅಲ್ಲ, ಪಕ್ಕದ ಮನೆಯ ಅಕ್ಕನೂ ಅಲ್ಲ.

ಇಷ್ಟು ನೆನಪಿಡಿ

* ಒಂದು ಹಾಳೆಯಲ್ಲಿ ಎಲ್ಲ ಗುಳಿಗೆಗಳ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ, ಯಾತಕ್ಕೆ ಎಂದು ಬರೆಯಿರಿ. ಹಲ್ಲಿನ ಡಾಕ್ಟರಿಗೂ, ಚರ್ಮದ ಡಾಕ್ಟರಿಗೂ ಅದನ್ನೇ ತೋರಿಸಿ.

* ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಯಾವ ಹೊತ್ತಿಗಾದರೂ ಸರಿ, ದಿನಾ ಒಂದೇ ಹೊತ್ತಿಗಿರಲಿ. ಸಿಮ್ವಾಸ್ಟಾಟಿನ್ ರಾತ್ರಿಗೇ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

* ಖಾರ ತಿಂದು ಎದೆ ಉರಿಯಿತೆಂದು ಕುಡಿಯುವ ಆಸಿಡಿಟಿಯ ಬಿಳಿ ಔಷಧಕ್ಕೂ ರೋಸುವಾಸ್ಟಾಟಿನ್‌ಗೂ ಎರಡು ತಾಸು ಅಂತರವಿರಲಿ. ಮೊದಲು ಗುಳಿಗೆ, ಆಮೇಲೆ ಔಷಧ.

* ಎರಡೂ ತೊಡೆ, ಭುಜ ಒಟ್ಟಿಗೆ ನೋಯುವುದು, ಶಕ್ತಿ ಕುಂದುವುದು ಕಂಡರೆ ಡಾಕ್ಟರಿಗೆ ತಿಳಿಸಿ. ಜೊತೆಗೆ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಇಲ್ಲವೇ ಕಣ್ಣು ಹಳದಿಯಾದರೆ ಸ್ಟಾಟಿನ್ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೆ ಕಿಡ್ನಿಗೆ ಅಪಾಯ.

* ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಸಾಮಾನ್ಯವಾಗಿ ನಿಲ್ಲಿಸಲು ಹೇಳುತ್ತಾರೆ. ಹಾಲುಣಿಸುವ ತಾಯಂದಿರಿಗೂ ಇದು ಬೇಡ.

* ಸಕ್ಕರೆ ಅಂಶ ತುಸು ಏರಬಹುದು. ಅದಕ್ಕೆ ಹೆದರಿ ಬಿಡಬೇಡಿ, ತಪಾಸಣೆ ಮಾಡಿಸುತ್ತಿರಿ.

ಕೊನೆಗೊಂದು ಮಾತು. ಯಜಮಾನರದು, ಅತ್ತೆ-ಮಾವನದು ಎಂದು ಎಲ್ಲರ ಗುಳಿಗೆ ಎಣಿಸುವ ನೀವು ನಿಮ್ಮ ರಕ್ತ ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತು? ಮುಟ್ಟು ನಿಂತ ಮೇಲೆ ಹೆಂಗಸರಿಗೂ ಹೃದಯದ ಅಪಾಯ ಏರುತ್ತದೆ. ಅದನ್ನೂ ಮಾಡಿಸಿ.

ಈಗ ನಮ್ಮ ಶೆಲ್ಫಿನ ಬಾಗಿಲಿಗೆ ಆ ಹಾಳೆ ಅಂಟಿಸಿದ್ದೇನೆ. ಮೊನ್ನೆ ಹಲ್ಲು ತೋರಿಸಲು ಹೋದಾಗ ಡಾಕ್ಟರು ಕೇಳುವ ಮೊದಲೇ ಅತ್ತೆ, "ನಂದು ಅಟೊರ್ವಾಸ್ಟಾಟಿನ್ ಇಪ್ಪತ್ರೀ, ಅದರಾಗ ಆಸ್ಪಿರಿನ್ನೂ ಐತ್ರಿ" ಅಂದರು. ಮೂರನೇ ಇಯತ್ತೆ ಕಲಿತ ಅವರ ಬಾಯಿಗೆ ಬಂತೆಂದರೆ, ನಿಮ್ಮ ಬಾಯಿಗೂ ಬರುತ್ತದೆ. ಇವತ್ತು ರಾತ್ರಿ ಗುಳಿಗೆ ಕೊಡುವ ಮೊದಲು ಪಟ್ಟಿ ತಿರುಗಿಸಿ ಹೆಸರು ಓದಿ.